ಆರಾಮಾಗಿರುವಾಗಲೂ ನುಂಗಬೇಕಾದ ಮಾತ್ರೆ

ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯ ಎಂಬ ರಕ್ತದ ಕ್ಯಾನ್ಸರ್ ನಮ್ಮ ಕಡೆ ಅನೇಕರಲ್ಲಿ ಮೊದಲು ಹೊಟ್ಟೆಯ ತೊಂದರೆಯಾಗಿ ಕಾಣಿಸಿಕೊಳ್ಳುತ್ತದೆ. ನಾಲ್ಕು ತುತ್ತು ಉಣ್ಣುವಷ್ಟರಲ್ಲಿ ಹೊಟ್ಟೆ ಬಿಗಿಯುತ್ತದೆ, ಎಡಗಡೆ ಪಕ್ಕೆಲುಬಿನ ಕೆಳಗೆ ಏನೋ ಭಾರ ಜಗ್ಗುತ್ತದೆ, ಕಾರಣವಿಲ್ಲದೆ ಮೈ ಇಳಿಯುತ್ತದೆ, ಸಂಜೆಯ ಹೊತ್ತಿಗೆ ಸುಸ್ತು ಹೆಚ್ಚುತ್ತದೆ. ಇವುಗಳಲ್ಲಿ ಒಂದೂ ಕ್ಯಾನ್ಸರನ್ನು ನೆನಪಿಗೆ ತರುವಂಥದ್ದಲ್ಲವಾದ್ದರಿಂದ ಜನ ಗ್ಯಾಸ್ಟ್ರಿಕ್ ಎಂದುಕೊಂಡು ಔಷಧದಂಗಡಿಯ ಮಾತ್ರೆಯಲ್ಲೇ ತಿಂಗಳುಗಳನ್ನು ಕಳೆಯುತ್ತಾರೆ. ನನ್ನ ಚಿಕ್ಕಪ್ಪನವರೂ ಹಾಗೆಯೇ ಕಳೆದರು. ಕೊನೆಗೆ ಸ್ಕ್ಯಾನಿಂಗ್‌ನಲ್ಲಿ ಹೊಟ್ಟೆಯ ಎಡಗಡೆ ಇರುವ ಗುಲ್ಮ (ಸ್ಪ್ಲೀನ್) ಹೊಕ್ಕುಳಿನ ಹತ್ತಿರದವರೆಗೆ ಬೆಳೆದಿರುವುದು ಕಂಡುಬಂದು, ಅದೇ ದಿನ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ಬಿಳಿ ರಕ್ತಕಣಗಳ ಸಂಖ್ಯೆ ಒಂದು ಲಕ್ಷವನ್ನು ದಾಟಿತ್ತು. ಆರೋಗ್ಯವಂತರಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ ಈ ಸಂಖ್ಯೆ ಸಾಮಾನ್ಯವಾಗಿ 4,000ದಿಂದ 11,000ದ ಒಳಗಿರುತ್ತದೆ.

ಆಮೇಲೆ ಅವರ ಜೊತೆಗೆ ಬೆಂಗಳೂರಿನ ಆಸ್ಪತ್ರೆಗೆ ಹೋಗಿಬರುವಾಗ, ಹೊರರೋಗಿ ವಿಭಾಗದ ಬೆಂಚುಗಳಲ್ಲಿ ಕಾಯುವಾಗ, ಇದೇ ಕಾಯಿಲೆಯ ಬೇರೆಯವರ ಜೊತೆ ಮಾತಾಡುವಾಗ ನನಗೆ ಗಟ್ಟಿಯಾಗುತ್ತ ಹೋದ ಅಭಿಪ್ರಾಯ ಒಂದೇ. ಈ ಕಾಯಿಲೆಗೆ ಇಮ್ಯಾಟಿನಿಬ್ ಎಂಬ ಒಳ್ಳೆಯ ಔಷಧ ಇದೆ, ಅದು ನಮ್ಮ ದೇಶದಲ್ಲಿ ಕೈಗೆಟಕುವ ಬೆಲೆಗೂ ಬಂದಿದೆ. ಆದರೆ ಆ ಔಷಧ ದೇಹದೊಳಗೆ ಏನು ಮಾಡುತ್ತದೆ ಎಂಬುದು ರೋಗಿಗೆ ತಿಳಿಯದಿದ್ದರೆ ಅದು ಅರ್ಧ ಔಷಧವಾಗಿಯೇ ಉಳಿಯುತ್ತದೆ. ಆದ್ದರಿಂದ ನನಗೆ ಅರ್ಥವಾದಷ್ಟನ್ನು ಬಿಡಿಸಿ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ಯಾರ ಔಷಧದ ಪ್ರಮಾಣವನ್ನು ಬದಲಿಸುವುದಿದ್ದರೂ ಅದು ಅವರವರ ವೈದ್ಯರ ಮಾತಿನಂತೆಯೇ ಆಗಬೇಕು.

ರಕ್ತ ಹುಟ್ಟುವುದು ಮೂಳೆಯ ಒಳಗೆ ಎಂಬ ಸಂಗತಿ ಮನುಷ್ಯನಿಗೆ ತಿಳಿದು ಇನ್ನೂ ಇನ್ನೂರು ವರ್ಷ ಆಗಿಲ್ಲ. ರಕ್ತದಲ್ಲಿ ಬಿಳಿಯ ಕಣಗಳು ವಿಪರೀತ ತುಂಬಿ ಗುಲ್ಮ ಊದಿಕೊಂಡು ಸತ್ತವರನ್ನು ಕುರಿತು 1845ರಲ್ಲಿ ಎಡಿನ್‌ಬರೋದ ಜಾನ್ ಬೆನೆಟ್ ಮತ್ತು ಬರ್ಲಿನ್ನಿನ ರುಡಾಲ್ಫ್ ವಿರ್ಕೋ ಇಬ್ಬರೂ ಬೇರೆ ಬೇರೆಯಾಗಿ ಬರೆದರು. ಆದರೆ ಆ ಕಣಗಳು ಎಲ್ಲಿಂದ ಬರುತ್ತವೆ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಅಸ್ಥಿಮಜ್ಜೆಯೇ ರಕ್ತಕಣಗಳ ಹುಟ್ಟುನೆಲೆ ಎಂದು ಅರ್ನ್ಸ್ಟ್ ನೋಯ್ಮನ್ ತೋರಿಸಿಕೊಟ್ಟದ್ದು 1868ರಲ್ಲಿ. ವಯಸ್ಕರಲ್ಲಿ ಸೊಂಟದ ಮೂಳೆ, ಬೆನ್ನುಮೂಳೆ, ಎದೆಮೂಳೆ, ಪಕ್ಕೆಲುಬುಗಳ ಒಳಗಿನ ಮಜ್ಜೆಯಲ್ಲಿ ಈ ಕೆಲಸ ನಿರಂತರವಾಗಿ ನಡೆಯುತ್ತಿರುತ್ತದೆ. ದಿನವೊಂದಕ್ಕೆ ಸುಮಾರು 20,000 ಕೋಟಿ ಕೆಂಪು ರಕ್ತಕಣಗಳು ಅಲ್ಲಿ ಹುಟ್ಟುತ್ತವೆ. ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಎಲ್ಲಕ್ಕೂ ಮೂಲ ಒಂದೇ: ರಕ್ತದ ಆಕರ ಕೋಶಗಳು. ಇವುಗಳ ಸಂಖ್ಯೆ ಕಡಿಮೆ, ಆಯುಷ್ಯ ದೀರ್ಘ. ತಮ್ಮನ್ನು ತಾವು ಉಳಿಸಿಕೊಳ್ಳುತ್ತಲೇ ದೇಹಕ್ಕೆ ಬೇಕಾದ ಕಣಗಳನ್ನು ಹುಟ್ಟಿಸುತ್ತಾ ಹೋಗುವ ಶಕ್ತಿ ಅವುಗಳದ್ದು. ಈ ಕಾಯಿಲೆ ಶುರುವಾಗುವುದು ಇಂಥ ಒಂದೇ ಒಂದು ಆಕರ ಕೋಶದಲ್ಲಿ ಎಂಬುದನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು, ಏಕೆಂದರೆ ಮುಂದಿನ ಎಲ್ಲವೂ ಅದರಿಂದಲೇ ಹುಟ್ಟುತ್ತದೆ.

ಆ ಕೋಶದಲ್ಲಿ ಆಗುವುದೇನು? 1960ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಈ ರೋಗಿಗಳ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ, ವಂಶವಾಹಿಗಳನ್ನು ಹೊತ್ತ ಎಳೆಗಳಾದ ವರ್ಣತಂತುಗಳಲ್ಲಿ ಒಂದು ಇರಬೇಕಾದುದಕ್ಕಿಂತ ತೀರ ಮೊಟಕಾಗಿರುವುದು ಕಣ್ಣಿಗೆ ಬಿತ್ತು. ಒಂದು ಕ್ಯಾನ್ಸರಿನ ಜೊತೆಗೆ ಪ್ರತಿ ಬಾರಿಯೂ ಕಾಣಸಿಗುವ ವರ್ಣತಂತುವಿನ ದೋಷ ಪತ್ತೆಯಾದದ್ದು ಅದೇ ಮೊದಲು. ಊರಿನ ಹೆಸರೇ ಅದಕ್ಕೆ ಉಳಿದು ಅದು ಫಿಲಡೆಲ್ಫಿಯ ಕ್ರೋಮೋಸೋಮ್ ಆಯಿತು. ಕಳೆದುಹೋದ ತುಂಡು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1973ರಲ್ಲಿ, ಶಿಕಾಗೋದ ಜಾನೆಟ್ ರೌಲಿ ಅವರಿಂದ. ವರ್ಣತಂತುಗಳ ಫೋಟೋಗಳನ್ನು ಕತ್ತರಿಸಿ ಮನೆಯ ಊಟದ ಮೇಜಿನ ಮೇಲೆ ಹರಡಿಕೊಂಡು ಜೋಡಿ ಕೂಡಿಸಿ ನೋಡುತ್ತಿದ್ದ ಅವರಿಗೆ, 22ನೆಯ ವರ್ಣತಂತುವಿನಿಂದ ಮುರಿದ ತುಂಡು 9ನೆಯದರ ತುದಿಗೆ ಸೇರಿರುವುದು ತಿಳಿಯಿತು. ಎರಡೂ ತುಂಡುಗಳು ಪರಸ್ಪರ ಜಾಗ ಬದಲಾಯಿಸಿಕೊಂಡಿದ್ದವು ಎಂಬುದು ಮುಂದೆ ಖಚಿತವಾಯಿತು. ನಾಲ್ಕು ಮಕ್ಕಳನ್ನು ಬೆಳೆಸುತ್ತ ಅರೆಕಾಲಿಕವಾಗಿ ಕೆಲಸ ಮಾಡುತ್ತಿದ್ದ ಹೆಣ್ಣುಮಗಳೊಬ್ಬರ ತಾಳ್ಮೆಯ ನೋಟದ ಮೇಲೆ ಇಂದಿನ ಚಿಕಿತ್ಸೆ ನಿಂತಿದೆ ಎಂಬುದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ತುಂಡುಗಳು ಅದಲು ಬದಲಾದಾಗ 9ನೆಯ ವರ್ಣತಂತುವಿನ ಎಬಿಎಲ್ ಎಂಬ ವಂಶವಾಹಿಯೂ 22ನೆಯದರ ಬಿಸಿಆರ್ ಎಂಬ ವಂಶವಾಹಿಯೂ ಒಂದಕ್ಕೊಂದು ಅಂಟಿಕೊಂಡು, ನಿಸರ್ಗದಲ್ಲಿ ಇರದಿದ್ದ ಒಂದು ಹೊಸ ಪ್ರೋಟೀನ್ ತಯಾರಾಗುತ್ತದೆ. ಎಬಿಎಲ್ ಮೂಲತಃ ಟೈರೊಸಿನ್ ಕೈನೇಸ್ ಎಂಬ ಗುಂಪಿನ ಕಿಣ್ವ. ಕೋಶ ಇಬ್ಭಾಗವಾಗಬೇಕು ಎಂಬಂಥ ಸಂದೇಶಗಳನ್ನು ಮುಂದಕ್ಕೆ ಸಾಗಿಸುವ ಇದು, ಅಗತ್ಯವಿದ್ದಾಗ ಚಾಲೂ ಆಗಿ ಮುಗಿದ ಮೇಲೆ ಆಫ್ ಆಗುತ್ತದೆ. ಬಿಸಿಆರ್ ಅಂಟಿಕೊಂಡ ಎಬಿಎಲ್‌ಗೆ ಆಫ್ ಆಗಲು ಬರುವುದಿಲ್ಲ. ತೋಟದ ಬೋರ್‌ವೆಲ್ ಮೋಟಾರಿನ ಸ್ಟಾರ್ಟರ್ ಕಚ್ಚಿಕೊಂಡರೆ ಏನಾಗುತ್ತದೋ ಅದೇ ಇಲ್ಲಿಯೂ ಆಗುತ್ತದೆ: ತೊಟ್ಟಿ ತುಂಬಿ ಹರಿದರೂ ಮೋಟಾರ್ ಓಡುತ್ತಲೇ ಇರುತ್ತದೆ. ಆ ಒಂದು ಆಕರ ಕೋಶದ ಸಂತತಿಯೆಲ್ಲ ಅದೇ ದೋಷವನ್ನು ಹೊತ್ತು ಹುಟ್ಟಿ, ಬಿಳಿ ಕಣಗಳಾಗಿ ಮಜ್ಜೆಯನ್ನು ತುಂಬಿ, ರಕ್ತಕ್ಕೆ ಇಳಿದು, ಗುಲ್ಮದಲ್ಲಿ ಹೋಗಿ ಸೇರಿಕೊಳ್ಳುತ್ತವೆ. ಚಿಕ್ಕಪ್ಪನವರ ಹೊಟ್ಟೆಯ ಭಾರಕ್ಕೆ ಇದೇ ಕಾರಣವಾಗಿತ್ತು.

ಇದರಲ್ಲಿ ಎರಡು ಮಾತುಗಳನ್ನು ಬಿಡಿಸಿ ಹೇಳಲೇಬೇಕು. ಈ ಬದಲಾವಣೆ ಆಗುವುದು ಹುಟ್ಟಿದ ಮೇಲೆ, ಮಜ್ಜೆಯ ಒಂದು ಕೋಶದಲ್ಲಿ. ಅಂಡಾಣು, ವೀರ್ಯಾಣುಗಳಲ್ಲಿ ಅದು ಇರುವುದಿಲ್ಲವಾದ್ದರಿಂದ ತಂದೆಯಿಂದ ಮಕ್ಕಳಿಗೆ ಇಳಿದು ಬರುವುದಿಲ್ಲ. ಮುಟ್ಟುವುದರಿಂದ, ಜೊತೆಗೆ ಉಣ್ಣುವುದರಿಂದ ಹರಡುವುದೂ ಇಲ್ಲ. ಚಿಕ್ಕಪ್ಪನವರ ಮಗಳಿಗೆ ಸಂಬಂಧ ನೋಡುವಾಗ ಗಂಡಿನ ಕಡೆಯವರು ಇದು ಮನೆತನದ ಕಾಯಿಲೆಯೇ ಎಂದು ಯಾರ ಮೂಲಕವೋ ವಿಚಾರಿಸಿದರೆಂದು ತಿಳಿದಾಗ ಚಿಕ್ಕಮ್ಮ ಊಟ ಬಿಟ್ಟು ಮಲಗಿದ್ದರು. ಕಾರಣದ ಬಗ್ಗೆಯೂ ಹಾಗೆಯೇ. ಹಿರೋಷಿಮ, ನಾಗಾಸಾಕಿಯಲ್ಲಿ ಬಾಂಬಿನ ವಿಕಿರಣಕ್ಕೆ ಸಿಕ್ಕಿ ಬದುಕಿ ಉಳಿದವರಲ್ಲಿ ಈ ಕಾಯಿಲೆ ಹೆಚ್ಚಾಗಿದ್ದುದು ದಾಖಲಾಗಿದೆ. ಅಂಥ ಹೆಚ್ಚಿನ ವಿಕಿರಣವನ್ನು ಬಿಟ್ಟರೆ ಬಹುಪಾಲು ರೋಗಿಗಳಲ್ಲಿ ಹೊರಗಿನ ಕಾರಣವೆಂದು ಬೆರಳಿಟ್ಟು ತೋರಿಸಲು ಏನೂ ಸಿಗುವುದಿಲ್ಲ. ಅಡಕೆ ತೋಟಕ್ಕೆ ಹೊಡೆದ ಔಷಧ, ತಿಂದ ಊಟ, ಮಾಡಿದ ಕರ್ಮ ಎಂದು ಮನೆಯವರು ಒಬ್ಬರನ್ನೊಬ್ಬರು ನೋಯಿಸಿಕೊಳ್ಳುವುದರಿಂದ ಆಗುವುದು ಏನೂ ಇಲ್ಲ.

ಚಿಕಿತ್ಸೆ ಇಲ್ಲದೆ ಬಿಟ್ಟರೆ ಈ ಕಾಯಿಲೆ ಹಲವು ವರ್ಷ ನಿಧಾನವಾಗಿ ನಡೆದು, ಆಮೇಲೆ ವೇಗ ಪಡೆದು, ಕೊನೆಗೆ ಬ್ಲಾಸ್ಟ್ ಎಂಬ ಬಲಿಯದ ಕೋಶಗಳು ಮಜ್ಜೆಯನ್ನು ಆಕ್ರಮಿಸುವ ಘಟ್ಟವನ್ನು ಮುಟ್ಟುತ್ತದೆ. ಆ ಘಟ್ಟಕ್ಕೆ ಬಂದವರನ್ನು ಉಳಿಸಿಕೊಳ್ಳುವುದು ಇಂದಿಗೂ ಕಷ್ಟ. ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ರೋಗ ಪತ್ತೆಯಾದವರು ಸಾಮಾನ್ಯವಾಗಿ ಬದುಕುತ್ತಿದ್ದುದು ಮೂರರಿಂದ ಐದು ವರ್ಷ. 1950ರ ದಶಕದಲ್ಲಿ ಬಂದ ಬುಸಲ್ಫಾನ್, ಆಮೇಲಿನ ಹೈಡ್ರಾಕ್ಸಿಯೂರಿಯ ಎರಡೂ ಕಣಗಳ ಸಂಖ್ಯೆಯನ್ನು ಇಳಿಸುತ್ತಿದ್ದವು, ಕಾಯಿಲೆಯ ನಡಿಗೆಯನ್ನು ನಿಲ್ಲಿಸುತ್ತಿರಲಿಲ್ಲ. ಇಂಟರ್‌ಫೆರಾನ್ ಚುಚ್ಚುಮದ್ದು ಕೆಲವರಿಗೆ ಹೆಚ್ಚಿನ ವರ್ಷಗಳನ್ನು ಕೊಟ್ಟಿತು, ಆದರೆ ಜ್ವರ, ಮೈಕೈ ನೋವು, ಖಿನ್ನತೆಯ ಬೆಲೆ ತೆಗೆದುಕೊಂಡು. ಅಸ್ಥಿಮಜ್ಜೆಯ ಕಸಿ ಪೂರ್ತಿ ಗುಣಪಡಿಸಬಲ್ಲದಾಗಿತ್ತು. ಹೊಂದುವ ದಾನಿ, ಹಣ, ತಡೆದುಕೊಳ್ಳುವ ದೇಹ ಮೂರೂ ಒಟ್ಟಿಗೆ ಕೂಡಿಬರುವುದು ಎಷ್ಟು ಮನೆಗಳಲ್ಲಿ ಸಾಧ್ಯ?

ದೋಷ ಇಷ್ಟು ನಿಖರವಾಗಿ ಗೊತ್ತಿರುವಾಗ ಆ ಒಂದು ಕಿಣ್ವವನ್ನೇ ತಡೆಯುವ ರಾಸಾಯನಿಕವನ್ನು ಹುಡುಕಬಾರದೇಕೆ ಎಂಬ ಯೋಚನೆ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ನಿಕೊಲಸ್ ಲೈಡನ್ ಮತ್ತು ಅವರ ಸಂಗಡಿಗರ ಪ್ರಯೋಗಾಲಯದಲ್ಲಿ ರೂಪ ಪಡೆಯಿತು. ಅಲ್ಲಿ ತಯಾರಾದ ವಸ್ತುಗಳಲ್ಲಿ ಒಂದಾದ ಇಮ್ಯಾಟಿನಿಬ್, ರೋಗದ ಕೋಶಗಳನ್ನು ಕೊಂದು ಆರೋಗ್ಯದ ಕೋಶಗಳನ್ನು ಬಹುಮಟ್ಟಿಗೆ ಬಿಡುತ್ತದೆ ಎಂದು ಅಮೆರಿಕದ ಆರೆಗಾನ್‌ನಲ್ಲಿ ಬ್ರಯನ್ ಡ್ರಕರ್ ತೋರಿಸಿದರು. ಮನುಷ್ಯರ ಮೇಲಿನ ಪರೀಕ್ಷೆ 1998ರಲ್ಲಿ ಶುರುವಾಯಿತು. ಇಂಟರ್‌ಫೆರಾನ್ ಫಲಿಸದೆ ಕೈಬಿಟ್ಟಿದ್ದ ರೋಗಿಗಳಲ್ಲಿ, ದಿನಕ್ಕೆ 300 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಪಡೆದ 54 ಮಂದಿಯ ಪೈಕಿ 53 ಮಂದಿಯ ರಕ್ತಕಣಗಳ ಸಂಖ್ಯೆ ಸಹಜಕ್ಕೆ ಮರಳಿತು. ಕ್ಯಾನ್ಸರ್ ಔಷಧಗಳ ಮೊದಲ ಹಂತದ ಪರೀಕ್ಷೆಯಲ್ಲಿ ಇಂಥ ಫಲ ಬರುವುದು ಅತಿ ಅಪರೂಪ. 2001ರ ಮೇ ತಿಂಗಳಲ್ಲಿ ಇಮ್ಯಾಟಿನಿಬ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದನ್ನು ಮೊದಲ ಚಿಕಿತ್ಸೆಯಾಗಿ ಪಡೆದವರನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದ ದೊಡ್ಡ ಅಧ್ಯಯನದ ಪ್ರಕಾರ, ಹತ್ತನೆಯ ವರ್ಷಕ್ಕೆ ಬದುಕಿದ್ದವರ ಪ್ರಮಾಣ ಶೇಕಡಾ 83.

ಈ ಮಾತ್ರೆ ನಮ್ಮ ಮನೆಗಳಿಗೆ ತಲುಪಿದ ಕತೆಯೂ ಚಿಕಿತ್ಸೆಯಷ್ಟೇ ಮುಖ್ಯವಾದುದು. ಗ್ಲಿವೆಕ್ ಎಂಬ ಹೆಸರಿನಲ್ಲಿ ನೊವಾರ್ಟಿಸ್ ಮಾರುತ್ತಿದ್ದ ಈ ಔಷಧದ ಬೆಲೆ ಭಾರತದಲ್ಲಿ ತಿಂಗಳಿಗೆ ಸುಮಾರು 1,20,000 ರೂಪಾಯಿ ಇತ್ತು. ನಮ್ಮದೇ ಕಂಪನಿಗಳ ಜೆನೆರಿಕ್ ಮಾತ್ರೆ 8,000ದಿಂದ 10,000 ರೂಪಾಯಿಗೆ ಸಿಗುತ್ತಿತ್ತು. ಇಮ್ಯಾಟಿನಿಬ್‌ನ ಲವಣದ ಒಂದು ನಿರ್ದಿಷ್ಟ ಹರಳು ರೂಪಕ್ಕೆ ಪೇಟೆಂಟ್ ಬೇಕೆಂದು ನೊವಾರ್ಟಿಸ್ ಕಂಪನಿ 1998ರಲ್ಲಿ ಚೆನ್ನೈನಲ್ಲಿ ಅರ್ಜಿ ಹಾಕಿತ್ತು. ಕ್ಯಾನ್ಸರ್ ರೋಗಿಗಳ ಪರವಾದ ಸಂಸ್ಥೆಯೊಂದೂ ಜೆನೆರಿಕ್ ತಯಾರಕರೂ ಅದನ್ನು ವಿರೋಧಿಸಿದರು. ಗೊತ್ತಿರುವ ವಸ್ತುವಿನ ಹೊಸ ರೂಪಕ್ಕೆ, ಅದು ರೋಗವನ್ನು ಗುಣಪಡಿಸುವುದರಲ್ಲಿ ಹೆಚ್ಚು ಪರಿಣಾಮಕಾರಿ ಎಂದು ಸಾಬೀತಾಗದ ಹೊರತು ಪೇಟೆಂಟ್ ಇಲ್ಲ ಎನ್ನುವ, ಭಾರತದ ಪೇಟೆಂಟ್ ಕಾಯಿದೆಯ 3(ಡಿ) ಕಲಮನ್ನು ಮುಂದಿಟ್ಟುಕೊಂಡು 2006ರಲ್ಲಿ ಅರ್ಜಿ ತಿರಸ್ಕೃತವಾಯಿತು. ಹಲವು ಮೆಟ್ಟಿಲುಗಳನ್ನು ಹತ್ತಿದ ವ್ಯಾಜ್ಯದಲ್ಲಿ 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಆ ತಿರಸ್ಕಾರವನ್ನೇ ಎತ್ತಿಹಿಡಿಯಿತು. ಕಂಪನಿ ತನ್ನ ನೆರವಿನ ಯೋಜನೆಯಲ್ಲಿ ಭಾರತದ ಸಾವಿರಾರು ರೋಗಿಗಳಿಗೆ ಔಷಧವನ್ನು ಉಚಿತವಾಗಿ ಕೊಟ್ಟದ್ದನ್ನೂ ಹೇಳದಿದ್ದರೆ ನ್ಯಾಯವಾಗುವುದಿಲ್ಲ. ಆದರೂ ಬದುಕಿರುವವರೆಗೆ ಬೇಕಾಗಬಹುದಾದ ಔಷಧ ಒಬ್ಬರ ಔದಾರ್ಯದ ಮೇಲೆ ನಿಲ್ಲುವುದಕ್ಕಿಂತ, ಅಂಗಡಿಯಲ್ಲಿ ಕೊಳ್ಳಬಹುದಾದ ಬೆಲೆಗೆ ಸಿಗುವುದೇ ಘನತೆಯ ದಾರಿ ಎಂದು ನಾನು ನಂಬುತ್ತೇನೆ. ಈಗ ಇಮ್ಯಾಟಿನಿಬ್ ನಮ್ಮ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ, ಜೆನೆರಿಕ್ ಬೆಲೆ ಇನ್ನಷ್ಟು ಇಳಿದಿದೆ.

ಪಶ್ಚಿಮದ ದೇಶಗಳಲ್ಲಿ ಇದು ಹೆಚ್ಚಾಗಿ ಐವತ್ತು, ಅರವತ್ತು ದಾಟಿದವರ ಕಾಯಿಲೆ. ಭಾರತದಲ್ಲಿ ರೋಗಿಗಳ ಮಧ್ಯಮ ವಯಸ್ಸು ಮೂವತ್ತೈದರಿಂದ ನಲವತ್ತರ ಆಸುಪಾಸು. ಅಂದರೆ ದುಡಿಯುವ ವಯಸ್ಸು, ಮಕ್ಕಳನ್ನು ಓದಿಸುವ ವಯಸ್ಸು. ಹೊರರೋಗಿ ವಿಭಾಗದಲ್ಲಿ ನಾನು ಕಂಡವರೂ ಅಂಥವರೇ: ಆಟೋ ಓಡಿಸುವವರು, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ಕೈಗೂಸನ್ನು ಮಡಿಲಲ್ಲಿಟ್ಟುಕೊಂಡ ತಾಯಂದಿರು. ಅವರಿಗೆ ಈ ಮಾತ್ರೆ ಇನ್ನೂ ಹಲವು ದಶಕ ಬೇಕಾಗಬಹುದು.

ಕಷ್ಟ ಶುರುವಾಗುವುದು ಇಲ್ಲಿಯೇ. ಮಾತ್ರೆ ಶುರುಮಾಡಿದ ಕೆಲವೇ ವಾರಗಳಲ್ಲಿ ಗುಲ್ಮ ಕುಗ್ಗುತ್ತದೆ, ಹಸಿವು ಮರಳುತ್ತದೆ, ರಕ್ತದ ಕೌಂಟ್ ಸರಿಹೋಗುತ್ತದೆ. ಒಂದು ದಿನ ಬಸ್ಸಿನಲ್ಲಿ ಚಿಕ್ಕಪ್ಪ ನನ್ನನ್ನು ಕೇಳಿದರು: “ಅಲ್ಲ ಮಗಾ, ಗದ್ದೆ ಕೆಲಸ ಮಾಡ್ತಿದೀನಿ, ಉಂಡದ್ದು ಅರಗ್ತಿದೆ. ಇನ್ನೂ ಯಾಕೆ ನುಂಗ್ಬೇಕು ಇದನ್ನ?” ಅದು ಮೂರ್ಖ ಪ್ರಶ್ನೆಯಲ್ಲ. ಜ್ವರದ ಮಾತ್ರೆಯನ್ನು ಜ್ವರ ಬಿಟ್ಟ ಮೇಲೆ ಯಾರೂ ನುಂಗುವುದಿಲ್ಲ. ಇಮ್ಯಾಟಿನಿಬ್ ಹೋಗಿ ಕೂರುವುದು ಆ ಕಿಣ್ವ ತನ್ನ ಶಕ್ತಿಯನ್ನು ಪಡೆಯುವ ಗೂಡಿನಲ್ಲಿ. ಅದು ಕೂತಿರುವಷ್ಟು ಹೊತ್ತು ಕಿಣ್ವಕ್ಕೆ ಕೆಲಸವಿಲ್ಲ. ರಕ್ತದಲ್ಲಿ ಔಷಧದ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು 18 ಗಂಟೆ ಸಾಕು. ಸ್ಟಾರ್ಟರ್ ರಿಪೇರಿಯಾಗಿಲ್ಲ, ಫ್ಯೂಸ್ ತೆಗೆದಿಟ್ಟಿದ್ದೇವೆ ಅಷ್ಟೆ ಚಿಕ್ಕಪ್ಪ, ಮಾತ್ರೆ ಬಿಟ್ಟರೆ ಫ್ಯೂಸನ್ನು ನಾವೇ ವಾಪಸ್ ಹಾಕಿದ ಹಾಗೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಮೂಲ ಕೋಶಗಳು ಇನ್ನೂ ಒಳಗೇ ಇವೆಯೋ ಎಂದು ಕೇಳಿದರು. ಎಷ್ಟೋ ರೋಗಿಗಳಲ್ಲಿ ಮಜ್ಜೆಯ ಆಳದಲ್ಲಿ ರೋಗದ ಆಕರ ಕೋಶಗಳು ಔಷಧಕ್ಕೆ ಬಗ್ಗದೆ ಉಳಿದಿರುತ್ತವೆ ಎಂಬುದು ನಿಜವೇ. ಆ ದಿನದ ನಂತರ ಮಾತ್ರೆಯ ವಿಷಯದಲ್ಲಿ ಅವರಿಗೆ ಯಾರೂ ನೆನಪಿಸಬೇಕಾಗಿ ಬಂದಿಲ್ಲ.

ಒಂದೆರಡು ಮಾತ್ರೆ ತಪ್ಪಿದರೆ ಏನಾದೀತು ಎಂಬುದಕ್ಕೆ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ವೈದ್ಯರು 2010ರಲ್ಲಿ ಉತ್ತರ ಕೊಟ್ಟರು. ಹಲವು ವರ್ಷಗಳಿಂದ ಇಮ್ಯಾಟಿನಿಬ್ ತೆಗೆದುಕೊಳ್ಳುತ್ತಿದ್ದ 87 ರೋಗಿಗಳ ಮಾತ್ರೆಯ ಡಬ್ಬಿಗಳಿಗೆ, ಮುಚ್ಚಳ ತೆರೆದಾಗಲೆಲ್ಲ ದಾಖಲಿಸುವ ಚಿಪ್ ಅಳವಡಿಸಿ ಮೂರು ತಿಂಗಳು ನೋಡಿದರು. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಾತ್ರೆಗಳನ್ನು ನುಂಗುತ್ತಿದ್ದವರಲ್ಲಿ ಆರು ವರ್ಷಕ್ಕೆ ರೋಗ ಚೆನ್ನಾಗಿ ಹತೋಟಿಗೆ ಬರುವ ಸಂಭವ ಶೇಕಡಾ 94.5 ಇತ್ತು; ತೊಂಬತ್ತು ಅಥವಾ ಅದಕ್ಕಿಂತ ಕಡಿಮೆ ನುಂಗುತ್ತಿದ್ದವರಲ್ಲಿ ಶೇಕಡಾ 28.4. ನೂರಕ್ಕೆ ಹತ್ತು ಎಂದರೆ ತಿಂಗಳಿಗೆ ಮೂರು ಮಾತ್ರೆ. ಹಬ್ಬಕ್ಕೆ ಊರಿಗೆ ಹೋದಾಗ ಮರೆತದ್ದು ಒಂದು, ಮದುವೆ ಮನೆಯಲ್ಲಿ ತಪ್ಪಿದ್ದು ಇನ್ನೊಂದು, ಸ್ಟಾಕ್ ಮುಗಿದು ನಾಳೆ ತಂದರಾಯಿತು ಎಂದದ್ದು ಮತ್ತೊಂದು. ಲೆಕ್ಕ ಅಲ್ಲಿಗೇ ಮುಗಿಯಿತು.

ಮಾತ್ರೆ ಬಿಡುವವರೆಲ್ಲ ಮರೆವಿನಿಂದಲೇ ಬಿಡುತ್ತಾರೆ ಎಂದೂ ತಿಳಿಯಬಾರದು. ಬೆಳಿಗ್ಗೆ ಏಳುವಾಗ ಕಣ್ಣಿನ ಸುತ್ತ ಊದಿರುತ್ತದೆ, ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ, ಬರಿಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಬರುತ್ತದೆ. ಊಟದ ಜೊತೆಗೆ ಒಂದು ದೊಡ್ಡ ಲೋಟ ನೀರು ಕುಡಿದು ನುಂಗಬೇಕು ಎಂಬ ಸಣ್ಣ ಸೂಚನೆಯನ್ನು ಯಾರಾದರೂ ಹೇಳಿದರೆ ವಾಕರಿಕೆಯ ಬಹುಪಾಲು ತೊಂದರೆ ಕಡಿಮೆಯಾಗುತ್ತದೆ. ನಮ್ಮ ಬಣ್ಣದವರಲ್ಲಿ ಚರ್ಮ ತಿಳಿಯಾಗುವುದೂ ಉಂಟು, ಅದನ್ನು ತೊನ್ನು ಎಂದು ಹೆದರಿ ಔಷಧ ನಿಲ್ಲಿಸುವವರೂ ಇದ್ದಾರೆ. ಎಲ್ಲಕ್ಕಿಂತ ಸೂಕ್ಷ್ಮವಾದುದು ಹೆಣ್ಣುಮಕ್ಕಳ ವಿಷಯ. ಗರ್ಭದಲ್ಲಿರುವ ಮಗುವಿಗೆ ಇಮ್ಯಾಟಿನಿಬ್ ಹಾನಿ ಮಾಡಬಲ್ಲದಾದ್ದರಿಂದ, ಮಗು ಬೇಕೆಂದಿರುವವರು ಮೊದಲೇ ವೈದ್ಯರ ಜೊತೆ ಕೂತು ಯೋಜಿಸಬೇಕಾಗುತ್ತದೆ. ಅತ್ತೆ ಮಾವಂದಿರಿಗೆ ಕಾಯಿಲೆಯ ಸಂಗತಿಯನ್ನೇ ಹೇಳದೆ ಮಾತ್ರೆಯನ್ನು ಬೀರುವಿನ ಸೀರೆಗಳ ನಡುವೆ ಬಚ್ಚಿಟ್ಟು ನುಂಗುವ ಸೊಸೆ ಈ ಮಾತನ್ನು ಯಾರ ಹತ್ತಿರ ಆಡಬೇಕು? ವೈದ್ಯರಿಗೆ ಒಬ್ಬೊಬ್ಬ ರೋಗಿಗೆ ಸಿಗುವ ಸಮಯ ಐದು ನಿಮಿಷವಾದರೆ, ಇದನ್ನೆಲ್ಲ ಕನ್ನಡದಲ್ಲಿ ಕೂತು ಮಾತಾಡುವ ಆಪ್ತಸಮಾಲೋಚಕರು ಪ್ರತಿ ಕ್ಯಾನ್ಸರ್ ಆಸ್ಪತ್ರೆಯಲ್ಲೂ ಇರಲೇಬೇಕು.

ಕೌಂಟ್ ಸರಿಯಿದೆ ಎಂಬುದು ರೋಗ ಹತೋಟಿಯಲ್ಲಿದೆ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಬಿಸಿಆರ್-ಎಬಿಎಲ್ ಎಷ್ಟು ಉಳಿದಿದೆ ಎಂದು ಅಳೆಯುವ ಪಿಸಿಆರ್ ಪರೀಕ್ಷೆಯಿಂದ ಅದು ತಿಳಿಯುತ್ತದೆ. ತೋಳಿನಿಂದ ತೆಗೆದ ರಕ್ತವೇ ಇದಕ್ಕೆ ಸಾಕು, ಪ್ರತಿಸಲವೂ ಸೊಂಟದ ಮೂಳೆಗೆ ಸೂಜಿ ಹಾಕಬೇಕಾಗಿಲ್ಲ. ಅಂತರರಾಷ್ಟ್ರೀಯ ಮಾಪಕದಲ್ಲಿ ಬಿಸಿಆರ್-ಎಬಿಎಲ್ ಪ್ರಮಾಣ ಮೂರು ತಿಂಗಳಿಗೆ ಶೇಕಡಾ 10ಕ್ಕೆ, ಆರು ತಿಂಗಳಿಗೆ 1ಕ್ಕೆ, ವರ್ಷಕ್ಕೆ 0.1ಕ್ಕೆ ಇಳಿದರೆ ಚಿಕಿತ್ಸೆ ಸರಿದಾರಿಯಲ್ಲಿದೆ ಎಂದರ್ಥ. ಇಳಿಯದಿದ್ದರೆ, ಇಳಿದು ಮತ್ತೆ ಏರಿದರೆ, ಮೊದಲು ಕೇಳಬೇಕಾದ್ದು ಮಾತ್ರೆ ತಪ್ಪುತ್ತಿದೆಯೇ ಎಂದು. ಅದಲ್ಲವಾದರೆ ಔಷಧ ಕೂರುವ ಗೂಡಿನ ಆಕಾರವೇ ಬದಲಾಗಿರಬಹುದು. ಆಗ ಬೇರೆ ಔಷಧಗಳಾದ ದಾಸಾಟಿನಿಬ್, ನೈಲೋಟಿನಿಬ್‌ಗಳಿವೆ. ಅವಕ್ಕೂ ಬಗ್ಗದ ಟಿ315ಐ ಎಂಬ ರೂಪಾಂತರಕ್ಕೆ ಪೊನಾಟಿನಿಬ್, ಈಚೆಗೆ ಆಸಿಮಿನಿಬ್ ಬಂದಿವೆ. ಸಮಯಕ್ಕೆ ಗೊತ್ತಾದರೆ ದಾರಿಗಳು ಇವೆ, ಗೊತ್ತಾಗುವುದಕ್ಕೆ ಪಿಸಿಆರ್ ಬೇಕು.

ಜೀವನಪರ್ಯಂತ ನುಂಗಬೇಕೇ ಎಂಬ ಪ್ರಶ್ನೆಗೆ ಈಗ ಮೊದಲಿನಷ್ಟು ಕಟ್ಟುನಿಟ್ಟಿನ ಉತ್ತರವಿಲ್ಲ. ಎರಡು ವರ್ಷವಾದರೂ ಪಿಸಿಆರ್‌ನಲ್ಲಿ ರೋಗವೇ ಕಾಣದಿದ್ದ ನೂರು ಮಂದಿಯಲ್ಲಿ ಔಷಧ ನಿಲ್ಲಿಸಿ ನೋಡಿದ ಫ್ರಾನ್ಸಿನ ಅಧ್ಯಯನದಲ್ಲಿ, ಒಂದು ವರ್ಷಕ್ಕೆ ರೋಗ ಮರಳದೆ ಉಳಿಯುವ ಸಂಭವ ಶೇಕಡಾ 41ರಷ್ಟಿತ್ತು ಎಂದು 2010ರಲ್ಲಿ ಪ್ರಕಟವಾಯಿತು. ರೋಗ ಮರಳಿದವರು ಮಾತ್ರೆಯನ್ನು ಮತ್ತೆ ಶುರುಮಾಡಿದಾಗ ಅದಕ್ಕೆ ಸ್ಪಂದಿಸಿದರು. ಆದರೆ ಈ ನಿಲ್ಲಿಸುವಿಕೆಗೂ ಮನಸ್ಸು ಬಂದಾಗ ಬಿಟ್ಟುಬಿಡುವುದಕ್ಕೂ ಸಂಬಂಧವಿಲ್ಲ. ಹಲವು ವರ್ಷಗಳ ಚಿಕಿತ್ಸೆ, ಕನಿಷ್ಠ ಎರಡು ವರ್ಷ ಆಳವಾಗಿ ತಗ್ಗಿದ ರೋಗ, ನಿಲ್ಲಿಸಿದ ಮೇಲೆ ಮೊದಲ ಆರು ತಿಂಗಳು ಪ್ರತಿ ತಿಂಗಳೂ ಪಿಸಿಆರ್, ಇವಿಷ್ಟೂ ಇದ್ದರೆ ಮಾತ್ರ ವೈದ್ಯರು ಅದಕ್ಕೆ ಕೈಹಾಕುತ್ತಾರೆ. ಚಿಕ್ಕಪ್ಪನವರು ಆ ಹಂತಕ್ಕೆ ಬರಲು ಇನ್ನೂ ಕಾಲವಿದೆ. ಬಂದಾಗ, ತಿಂಗಳಿಗೊಮ್ಮೆ ಒಂದು ಟ್ಯೂಬ್ ರಕ್ತ ಕೊಡಲು ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ ಎರಡು ದಿನದ ಕೆಲಸ ಕಳೆದುಕೊಳ್ಳುವ ಸ್ಥಿತಿ ಇರಬಾರದು. ರಕ್ತವನ್ನು ಜಿಲ್ಲಾ ಆಸ್ಪತ್ರೆಯಲ್ಲೇ ತೆಗೆದು, ಮರುದಿನದೊಳಗೆ ಪಿಸಿಆರ್ ಇರುವ ಪ್ರಯೋಗಾಲಯಕ್ಕೆ ಮುಟ್ಟಿಸಿ, ವರದಿಯನ್ನು ರೋಗಿಯ ಫೋನಿಗೆ ಕಳಿಸುವ ಏರ್ಪಾಟನ್ನು ಸರ್ಕಾರ ಉಚಿತವಾಗಿ ಮಾಡಬೇಕು. ಮಾತ್ರೆಯ ಬೆಲೆಗಾಗಿ ಸುಪ್ರೀಂ ಕೋರ್ಟಿನವರೆಗೆ ಹೋರಾಡಿದ ದೇಶಕ್ಕೆ ಇದು ಮೀರಿದ ಕೆಲಸವಲ್ಲ.